ಬಾಟಲಿ ಕುದಿಸಿದರೆ ಮುಗಿಯಲಿಲ್ಲ

ಡಬ್ಬಿ ಹಾಲಿಗೂ ನಮ್ಮ ಮೈಸೂರಿಗೂ ಹಳೆಯ ನಂಟು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಆ ದಶಕದಲ್ಲೇ ಎಮ್ಮೆ ಹಾಲಿನಿಂದ ಎಳೆಗೂಸಿನ ಆಹಾರದ ಪುಡಿ ತಯಾರಿಸುವ ಬಗೆ ಕಂಡುಕೊಂಡರು. ಗುಜರಾತಿನ ಆನಂದ್ ಊರಿನ ಹಾಲು ಉತ್ಪಾದಕರ ಸಹಕಾರ ಸಂಘ ಅದನ್ನು ಅಮುಲ್ ಹೆಸರಿನ ಡಬ್ಬಿಗೆ ತುಂಬಿ ದೇಶಕ್ಕೆಲ್ಲ ಹಂಚಿತು. ಹೊರದೇಶದ ಪುಡಿಯನ್ನೇ ನೆಚ್ಚಿದ್ದ ಕಾಲದಲ್ಲಿ ಅದು ದೊಡ್ಡ ಕೆಲಸ. ಈಗ ಡಬ್ಬಿ, ಬಾಟಲಿ ಎರಡೂ ಕುವೆಂಪುನಗರದಿಂದ ಬೋಗಾದಿಯವರೆಗೆ ಯಾವ ಔಷಧಿ ಅಂಗಡಿಗೆ ಹೋದರೂ ಸಿಗುತ್ತವೆ. ಅವುಗಳ ಜೊತೆಗೆ ಬರಬೇಕಾದ ಕೈಕೆಲಸದ ಅರಿವು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಮನೆಯ ಹೆಣ್ಣುಮಕ್ಕಳು, ಸೊಸೆಯರು, ಅಕ್ಕಪಕ್ಕದವರು ಅಂತ ಹಲವು ಬಾಣಂತನ ಮಾಡಿದವಳು ನಾನು. ಬಾಟಲಿ ಕುದಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಕುದಿಸುತ್ತಾರೆ ಕೂಡ. ಕೆಡುವುದು ಒಲೆ ಆರಿಸಿದ ಮೇಲೆ. ಒರೆಸುವ ಬಟ್ಟೆ, ಮುಟ್ಟುವ ಬೆರಳು, ಪುಡಿ ಕಲಸುವ ನೀರಿನ ಬಿಸಿ, ಕೂಸು ಕುಡಿದು ಮಿಕ್ಕಿಸಿದ ಹಾಲು, ಇವುಗಳ ಕಡೆ ಯಾರ ಗಮನವೂ ಇರುವುದಿಲ್ಲ. ನನ್ನ ಮಾತಿನ ಹೆಚ್ಚು ಪಾಲು ಇವುಗಳ ಬಗ್ಗೆಯೇ.

• ಮೊದಲು, ಬಾಟಲಿ ಬೇಕೇ ಬೇಕಾ ಎಂದು ಮಕ್ಕಳ ವೈದ್ಯರನ್ನು ಕೇಳಿ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. "ಹಾಲು ಸಾಲದು" ಎಂದು ನೋಡಲು ಬಂದವರು ಹೇಳಿದ್ದಕ್ಕೆ ಡಬ್ಬಿ ತೆರೆಯಬೇಡಿ. ಕೂಸು ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಾ ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಆದರೆ ತಾಯಿಗೆ ಕಾಯಿಲೆಯಿರಬಹುದು, ಅವಳಿ ಮಕ್ಕಳಿರಬಹುದು, ದತ್ತು ತಂದ ಕೂಸಿರಬಹುದು, ತಾಯಿ ಕೆಲಸಕ್ಕೆ ಮರಳಬೇಕಾಗಬಹುದು. ಅಂಥ ಕಡೆ ಬಾಟಲಿ ಹಿಡಿದ ತಾಯಿಯನ್ನು ಯಾರೂ ಚುಚ್ಚಿ ಮಾತಾಡಬಾರದು. ಅವಳಿಗೆ ಬೇಕಾದದ್ದು ನೀಟಾಗಿ ಮಾಡಿಕೊಡುವ ಕೈಗಳು.

• ಯಾರಾದರೂ ಪುಡಿ ಡಬ್ಬಿಯನ್ನೋ ಬಾಟಲಿಯನ್ನೋ ಪುಕ್ಕಟೆ ಸ್ಯಾಂಪಲ್ ಎಂದು ಕೈಗಿಟ್ಟರೆ ಹಿಂದಿರುಗಿಸಿ. 1992ರ ಕಾಯ್ದೆಯ ಪ್ರಕಾರ ಇವುಗಳ ಜಾಹೀರಾತು, ಉಚಿತ ಹಂಚಿಕೆ, ರಿಯಾಯಿತಿಯ ಆಮಿಷ ಯಾವುದೂ ಕೂಡದು.

• ಬಾಟಲಿಗಿಂತ ಮೊದಲು ಒಳಲೆಯನ್ನು ನೆನೆಸಿಕೊಳ್ಳಿ. ನಮ್ಮ ಕಡೆಯ ಹಳೆಯ ಮನೆಗಳ ಬೀರುವಿನಲ್ಲಿ ಚೂಪು ಮೂತಿಯ ಒಂದು ಬೆಳ್ಳಿ ಒಳಲೆ ಇದ್ದೇ ಇರುತ್ತದೆ. ಇಲ್ಲದಿದ್ದರೆ ಸ್ಟೀಲಿನದು ಸಿಗುತ್ತದೆ. ತಮಿಳರು ಪಾಲಾಡೈ ಅನ್ನುತ್ತಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಇವತ್ತಿಗೂ ಆಸ್ಪತ್ರೆಗಳಲ್ಲಿ ಇದರಿಂದಲೇ ಹಾಲು ಕೊಡಿಸುತ್ತಾರೆ. ಇದರ ಗುಣ ಏನೆಂದರೆ, ಒಳಗೆ ಮೂಲೆಯಿಲ್ಲ, ತಿರುಪಿಲ್ಲ, ರಬ್ಬರಿಲ್ಲ. ಕಣ್ಣಿಗೆ ಕಾಣುವಷ್ಟೇ ಜಾಗ, ತೊಳೆದರೆ ತೊಳೆದಂತೆಯೇ. ಮೂರು ಎಚ್ಚರಿಕೆ ಮಾತ್ರ. ಬೆಳ್ಳಿ ತಾನಾಗಿ ರೋಗಾಣುವನ್ನು ಕೊಂದುಬಿಡುತ್ತದೆ ಎಂದು ನಂಬಿ ಕುದಿಸದೆ ಬಿಡಬೇಡಿ. ಇನ್ನೊಂದು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಒತ್ತಿ ಹಿಡಿದು, ಗಂಟಲಿಗೆ ಸುರಿಯುವ ಹಳೆಯ ಪದ್ಧತಿ ಬೇಡವೇ ಬೇಡ. ಹಾಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ. ಎಚ್ಚರವಿರುವ ಕೂಸನ್ನು ತೋಳಿನ ಮೇಲೆ ಅರ್ಧ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಅದು ತಾನೇ ಹೀರಿಕೊಳ್ಳುವವರೆಗೆ ಕಾಯಿರಿ. ಬಜೆ, ಅಳಲೆಕಾಯಿ ತೇದು ನೆಕ್ಕಿಸಲು ಇದೇ ಒಳಲೆ ಬಳಸಬೇಡಿ. ಆ ತೇಯುವ ಕಲ್ಲನ್ನು ಯಾರೂ ಕುದಿಸಿರುವುದಿಲ್ಲ.

• ಬಾಟಲಿಯೇ ಬೇಕಾದರೆ ಅಗಲ ಬಾಯಿಯದನ್ನು ಕೊಳ್ಳಿ. ಬಿಡಿಭಾಗಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಳಗೆ ನಳಿಕೆ ಇರುವ, ಎರಡು ಮೂರು ವಾಷರುಗಳಿರುವ ಚೆಂದದ ಬಾಟಲಿಗಳನ್ನು ನಾನು ಮನೆಗೆ ತರಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಉದ್ದ ರಬ್ಬರ್ ನಳಿಕೆಯ ಬಾಟಲಿ ಮನೆಮನೆಯಲ್ಲೂ ಇತ್ತು. ನಳಿಕೆಯ ಒಳಗನ್ನು ತೊಳೆಯುವ ದಾರಿಯೇ ಇರಲಿಲ್ಲ. ಎಷ್ಟು ಕೂಸುಗಳು ಅದರಿಂದ ಹೋದವೆಂದರೆ, ಅದಕ್ಕೆ ಕೊಲೆಗಾರ ಬಾಟಲಿ ಎಂದೇ ಹೆಸರಾಯಿತು. ಬ್ರಷ್ಷು ತಲುಪದ ಜಾಗವಿರುವ ಯಾವ ಬಾಟಲಿಯೂ ಅದರ ಮರಿಯೇ. ಐಎಸ್‌ಐ ಗುರುತು ನೋಡಿ ಕೊಳ್ಳಿ. ಪ್ಲಾಸ್ಟಿಕ್ ಆದರೆ ಬಿಪಿಎ ಎಂಬ ರಾಸಾಯನಿಕ ಇಲ್ಲದ್ದು ಎಂದು ಬರೆದಿರಬೇಕು. ಗಾಜು, ಸ್ಟೀಲು ನನಗೆ ಮೆಚ್ಚು.

• ಒಂದು ಮುಚ್ಚಳವಿರುವ ಅಗಲ ಪಾತ್ರೆ, ಒಂದು ಇಕ್ಕಳ, ಬಾಟಲಿಗೊಂದು ನಿಪ್ಪಲಿಗೊಂದು ಬ್ರಷ್ಷು, ಒಂದು ಸ್ಟೀಲ್ ಲೋಟ, ಒಂದು ಉದ್ದ ಚಮಚ. ಇಷ್ಟನ್ನು ಕೂಸಿಗೆಂದೇ ಬೇರೆ ಇಡಿ. ಬೇಳೆ ಬೇಯಿಸಿದ ಪಾತ್ರೆಯಲ್ಲಿ ಬಾಟಲಿ ಕುದಿಸುವುದು, ಪಾತ್ರೆ ಉಜ್ಜುವ ನಾರಿನಲ್ಲಿ ನಿಪ್ಪಲ್ ಉಜ್ಜುವುದು ಬೇಡ.

• ಕೈ ತೊಳೆಯುವುದು ಅಂದರೆ ನೀರಿನಲ್ಲಿ ಅದ್ದಿ ತೆಗೆಯುವುದಲ್ಲ. ಸೋಪು ಹಚ್ಚಿ, ಬೆರಳ ಸಂದು, ಉಗುರ ಅಡಿ, ಉಂಗುರದ ಕೆಳಗೆ ಉಜ್ಜಬೇಕು. ಕೂಸಿನ ಬಟ್ಟೆ ಬದಲಿಸಿದ ಕೈ ನೇರವಾಗಿ ಡಬ್ಬಿಗೆ ಹೋಗಬಾರದು.

• ಕುದಿಸುವ ಮುಂಚೆ ತೊಳೆಯಲೇಬೇಕು. ಹಾಲಿನ ಜಿಡ್ಡು ಅಂಟಿದ ಬಾಟಲಿಯನ್ನು ಎಷ್ಟು ಹೊತ್ತು ಕುದಿಸಿದರೂ ಆ ಜಿಡ್ಡು ಬೆಂದು ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕೂಸು ಕುಡಿದ ತಕ್ಷಣ ಬಿಡಿಸಿ ತಣ್ಣೀರಿನಲ್ಲಿ ಜಾಲಿಸಿ. ಆಮೇಲೆ ಬಿಸಿನೀರು, ಸೋಪು, ಬ್ರಷ್ಷು. ನಿಪ್ಪಲನ್ನು ಒಳಹೊರಗು ಮಾಡಿ ಉಜ್ಜಿ, ತೂತಿನ ಮೂಲಕ ನೀರು ಚಿಮ್ಮಿಸಿ ನೋಡಿ. ಮುಚ್ಚಳದ ತಿರುಪಿನ ಸಂದಿನಲ್ಲಿ ಬಿಳಿ ಗೆರೆಯಂತೆ ಹಾಲು ಕೂತಿರುತ್ತದೆ, ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುತ್ತದೆ. ಬೂದಿ, ಸಬೀನ, ಕಬ್ಬಿಣದ ನಾರು ಮುಟ್ಟಿಸಬೇಡಿ. ಗೀರು ಬಿದ್ದ ಪ್ಲಾಸ್ಟಿಕ್ಕಿನಲ್ಲಿ ರೋಗಾಣು ಮನೆ ಮಾಡಿದರೆ ಬಿಡಿಸುವುದು ಕಷ್ಟ. ಅಡುಗೆಮನೆಯ ಸಿಂಕಿನಲ್ಲೇ ಬಿಡಿಭಾಗಗಳನ್ನು ಹರಡಿ ತೊಳೆಯದೆ, ಬೇರೆ ಬೋಗುಣಿಯಲ್ಲಿ ತೊಳೆಯಿರಿ. ಹಸಿ ಮೊಟ್ಟೆ, ಮಾಂಸ, ಮಣ್ಣು ಹತ್ತಿದ ಸೊಪ್ಪು ತೊಳೆದದ್ದೂ ಅದೇ ಸಿಂಕಿನಲ್ಲಿ ಅನ್ನುವುದು ನೆನಪಿರಲಿ.

• ಕುದಿಸುವಾಗ ಎಲ್ಲವೂ ನೀರಿನಲ್ಲಿ ಪೂರ್ತಿ ಮುಳುಗಿರಲಿ. ಬಾಟಲಿಯನ್ನು ಓರೆ ಮಾಡಿ ಮುಳುಗಿಸಿದರೆ ಒಳಗಿನ ಗಾಳಿ ಹೊರಗೆ ಬರುತ್ತದೆ. ಗುಳ್ಳೆ ನಿಂತ ಜಾಗಕ್ಕೆ ನೀರು ತಾಗುವುದೇ ಇಲ್ಲ. ಮುಚ್ಚಳ ಮುಚ್ಚಿ, ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಲೆಕ್ಕ ಹಿಡಿದು ಹತ್ತು ನಿಮಿಷ. ಒಲೆ ಹೊತ್ತಿಸಿದಾಗಿನಿಂದ ಅಲ್ಲ. ನಿಪ್ಪಲನ್ನು ಎಷ್ಟು ಹೊತ್ತು ಕುದಿಸಬಹುದು ಎಂದು ಅದರ ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿಕೊಳ್ಳಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಅದರಿಂದ ತೊಂದರೆಯಿಲ್ಲ, ಹತ್ತು ನಿಮಿಷ ಧಾರಾಳ ಸಾಕು. ಕುದಿಯುವ ನೀರನ್ನು ಬಾಟಲಿಗೆ ಒಂದು ಸಲ ಹುಯ್ದು ಚೆಲ್ಲಿ "ಸ್ಟೆರಿಲೈಸ್ ಆಯಿತು" ಎಂದರೆ ಆಗಲಿಲ್ಲ.

• ಒಲೆ ಆರಿಸಿದ ಮೇಲೆ ಮುಚ್ಚಳ ತೆಗೆಯಬೇಡಿ. ಬೇಕಾಗುವವರೆಗೆ ಬಾಟಲಿಗೆ ಆ ಪಾತ್ರೆಯೇ ಭದ್ರವಾದ ಜಾಗ. ತೆಗೆಯುವಾಗ ಕೈ ತೊಳೆದು, ಜೊತೆಗೇ ಕುದಿಸಿದ ಇಕ್ಕಳದಿಂದ ಎತ್ತಿ, ನೀರು ಕೊಡವಿ, ಅಲ್ಲೇ ಜೋಡಿಸಿ. ನಿಪ್ಪಲನ್ನು ಅಂಚಿನಲ್ಲಿ ಹಿಡಿಯಿರಿ, ಕೂಸು ಬಾಯಿಗೆ ಇಟ್ಟುಕೊಳ್ಳುವ ತುದಿಯನ್ನು ಮುಟ್ಟಬೇಡಿ. ಒದ್ದೆಯಿದೆ ಎಂದು ಒರೆಸಬೇಡಿ. ಟವೆಲಿನಲ್ಲೂ ಬೇಡ, ಒಗೆದ ಬಟ್ಟೆಯಲ್ಲೂ ಬೇಡ, ಸೆರಗಿನಲ್ಲಂತೂ ಖಂಡಿತ ಬೇಡ. ಎಷ್ಟು ಮನೆಗಳಲ್ಲಿ ನೋಡಿದ್ದೇನೆ, ಹತ್ತು ನಿಮಿಷದ ಶ್ರಮವನ್ನು ಸೆರಗಿನ ಒಂದೇ ಒರೆತ ಹಾಳು ಮಾಡುತ್ತದೆ. ಕುದಿಸಿದ ನೀರಿನ ಹನಿ ಒಳಗಿದ್ದರೆ ಏನೂ ಆಗುವುದಿಲ್ಲ. ಒಟ್ಟಿಗೆ ಆರು ಬಾಟಲಿ ಕುದಿಸಿ ಬುಟ್ಟಿಯಲ್ಲಿ ಬಾಯಿ ತೆರೆದು ಜೋಡಿಸಿಟ್ಟು ದಿನವೆಲ್ಲ ಬಳಸುವುದೂ ಸರಿಯಲ್ಲ. ಹೊರಗಿಡಲೇಬೇಕಾದರೆ ನಿಪ್ಪಲ್, ಮುಚ್ಚಳ ಎಲ್ಲ ಪೂರ್ತಿ ಜೋಡಿಸಿ ಮುಚ್ಚಿಡಿ.

• ಕರೆಂಟಿನ ಹಬೆ ಸ್ಟೆರಿಲೈಸರ್ ಒಳ್ಳೆಯದೇ. ಮೇ ತಿಂಗಳ ಗಾಳಿ ಮಳೆಗೆ ಕರೆಂಟು ಹೋದರೆ ಎಂಬ ಯೋಚನೆಯಿಟ್ಟು ಪಾತ್ರೆಯನ್ನೂ ಸಿದ್ಧವಿಡಿ. ನಡುವೆ ಕರೆಂಟು ಹೋದರೆ ಮೊದಲಿನಿಂದ ಮಾಡಬೇಕು. ಕ್ಲೋರಿನ್ ದ್ರಾವಣದಲ್ಲಿ ಮುಳುಗಿಸುವ ವಿಧಾನವೂ ಇದೆ. ಅದಕ್ಕೆಂದೇ ಮಾಡಿದ ಮಾತ್ರೆಯಾಗಬೇಕು, ಅದರ ಮೇಲೆ ಬರೆದಷ್ಟು ಹೊತ್ತು ಮುಳುಗಿರಬೇಕು, ದ್ರಾವಣವನ್ನು ದಿನಕ್ಕೊಮ್ಮೆ ಬದಲಿಸಬೇಕು. ಬಚ್ಚಲಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಹತ್ತಿರಕ್ಕೂ ತರಬೇಡಿ.

• ನೀರಿನ ಮಾತು. ಮೈಸೂರಿಗೆ ಕಾವೇರಿ, ಕಬಿನಿ ಎರಡರ ನೀರೂ ಬರುತ್ತದೆ, ವಾಣಿ ವಿಲಾಸ ನೀರು ಸರಬರಾಜಿನವರು ಶುದ್ಧ ಮಾಡಿಯೇ ಕಳಿಸುತ್ತಾರೆ. ಆದರೆ ಅಲ್ಲಿಂದ ಹೊರಟ ನೀರು ನಿಮ್ಮ ಮನೆಯ ಸಂಪಿಗೆ ಬಿದ್ದು, ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿ ಎರಡು ದಿನ ಬಿಸಿಲು ಕಾದು ನಲ್ಲಿಗೆ ಇಳಿಯುತ್ತದೆ. ಟ್ಯಾಂಕನ್ನು ಕಡೆಯ ಸಲ ತೊಳೆಸಿದ್ದು ಯಾವಾಗ ಎಂದು ಕೂಸು ಹುಟ್ಟುವ ಮುಂಚೆಯೇ ಕೇಳಿಕೊಳ್ಳಿ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ಇದ್ದರೆ, ಟ್ಯಾಂಕರ್ ತರಿಸುತ್ತಿದ್ದರೆ, ನೀರು ಗಡಸು. ಪಾತ್ರೆಯ ತಳದಲ್ಲಿ, ಸ್ಟೆರಿಲೈಸರಿನ ತಟ್ಟೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ನಿಂಬೆಉಪ್ಪು ಕರಗಿಸಿದ ನೀರಿನಲ್ಲಿ ಆಗಾಗ ನೆನೆಸಿದರೆ ಬಿಡುತ್ತದೆ. ಫಿಲ್ಟರ್ ನೀರು, ಕ್ಯಾನ್ ನೀರು ಯಾವುದಾದರೂ ಪುಡಿ ಕಲಸುವ ಮುಂಚೆ ಕುದಿಯಲೇಬೇಕು. ಕ್ಯಾನಿನ ನೀರು ಸೀಲ್ ಒಡೆದ ಮೇಲೆ ಎಲ್ಲ ನೀರಿನಂತೆಯೇ.

• ಇನ್ನು ಮುಂದಿನದು ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದಿಕೊಳ್ಳಿ. ಡಬ್ಬಿಯ ಪುಡಿ ಎಷ್ಟೇ ಒಳ್ಳೆಯ ಕಾರ್ಖಾನೆಯದಾದರೂ ಪೂರ್ತಿ ರೋಗಾಣುಮುಕ್ತವಲ್ಲ. ಕ್ರೋನೋಬ್ಯಾಕ್ಟರ್ ಎಂಬ ರೋಗಾಣು ಒಣ ಪುಡಿಯಲ್ಲೂ ತಿಂಗಳುಗಟ್ಟಲೆ ಬದುಕಿರಬಲ್ಲದು. ಎಳೆಗೂಸಿನ ರಕ್ತಕ್ಕೆ, ಮಿದುಳಿಗೆ ಹೊಕ್ಕರೆ ಉಳಿಸಿಕೊಳ್ಳುವುದು ಕಷ್ಟ. ಬಲು ಅಪರೂಪ, ಆದರೆ ಬಂದಾಗ ಕ್ರೂರ. 2022ರಲ್ಲಿ ಅಮೆರಿಕದ ಮಿಷಿಗನ್ನಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಇದು ಕಂಡುಬಂದು ತಯಾರಿಕೆ ನಿಂತಾಗ ಆ ದೇಶದಲ್ಲೆಲ್ಲ ಡಬ್ಬಿ ಹಾಲಿಗೆ ಬರ ಬಂತು. ಈ ರೋಗಾಣುವನ್ನು ಕೊಲ್ಲುವುದು ಬಿಸಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪುಡಿ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಎಂದಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ರೋಗಾಣು ಸಾಯುವುದಿಲ್ಲ, ಬೆಳೆಯುತ್ತದೆ. ಒಂದು ಲೀಟರಿನಷ್ಟು ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಕುದಿಸಿ ಇಳಿಸಿ, ಅರ್ಧ ಗಂಟೆಯೊಳಗೆ ಬಳಸಿದರೆ ಆ ಬಿಸಿ ಉಳಿದಿರುತ್ತದೆ. ಒಂದೇ ಲೋಟ ನೀರು ಕಾಯಿಸಿದರೆ ನಮ್ಮ ಡಿಸೆಂಬರಿನ ಚಳಿಗೆ ಬೇಗ ಆರಿಬಿಡುತ್ತದೆ. ಕೆಲವು ಡಬ್ಬಿಗಳ ಮೇಲೆ ಉಗುರುಬೆಚ್ಚಗಿನ ನೀರೇ ಸಾಕು ಎಂದಿರುತ್ತದೆ. ಅಂಥದನ್ನು ವೈದ್ಯರಿಗೆ ತೋರಿಸಿ ಕೇಳಿ. ಕೂಸಿಗೆ ಎರಡು ತಿಂಗಳು ತುಂಬಿಲ್ಲದಿದ್ದರೆ, ಅಥವಾ ತೂಕ ಕಡಿಮೆಯಿದ್ದರೆ, ಕೇಳದೆ ಕಲಸಬೇಡಿ.

• ಕುದಿಯುವಷ್ಟು ಬಿಸಿ ನೀರನ್ನು ಪ್ಲಾಸ್ಟಿಕ್ ಬಾಟಲಿಗೇ ಸುರಿದು ಕುಲುಕುವುದು ನನಗೆ ಒಪ್ಪಿಗೆಯಿಲ್ಲ. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಪಾಲಿಪ್ರೊಪಿಲೀನ್ ಬಾಟಲಿಗಳನ್ನು ಪರೀಕ್ಷಿಸಿದಾಗ, ಬಿಸಿ ಹೆಚ್ಚಿದಷ್ಟೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಲಕ್ಷಗಟ್ಟಲೆ ನೀರಿಗೆ ಬಿಡುವುದು ಗೊತ್ತಾಯಿತು. ಅದರಿಂದಾಗುವ ಕೆಡುಕೆಷ್ಟು ಎಂದು ಇನ್ನೂ ತೀರ್ಮಾನವಾಗಿಲ್ಲ. ದಾರಿ ಮಾತ್ರ ಸುಲಭ. ಬಾಟಲಿಯ ಜೊತೆಗೇ ಕುದಿಸಿದ ಸ್ಟೀಲ್ ಲೋಟದಲ್ಲಿ ಬಿಸಿನೀರಿಗೆ ಪುಡಿ ಹಾಕಿ, ಕುದಿಸಿದ ಚಮಚದಲ್ಲಿ ಕದಡಿ, ಮುಚ್ಚಿ, ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಆಮೇಲೆ ಬಾಟಲಿಗೆ ಹಾಕಿ. ಬೋಗುಣಿಯ ನೀರು ಲೋಟದ ಅಂಚಿಗೆ ಬರದಂತೆ ನೋಡಿಕೊಳ್ಳಿ.

• ಮೊದಲು ನೀರು ಅಳೆಯಬೇಕು, ಆಮೇಲೆ ಪುಡಿ. ಅಳತೆ ಡಬ್ಬಿಯ ಮೇಲೆ ಬರೆದಂತೆ, ಆ ಡಬ್ಬಿಯದೇ ಚಮಚದಲ್ಲಿ, ಒತ್ತದೆ, ಗೋಪುರ ಮಾಡದೆ, ಮಟ್ಟ ಮಾಡಿ. "ಕೂಸು ಪುಷ್ಟಿಯಾಗಲಿ" ಎಂದು ಒಂದು ಚಮಚ ಹೆಚ್ಚು ಹಾಕಿದರೆ ಮಲಬದ್ಧತೆ, ಮೈಯ ನೀರು ಇಂಗುವುದು. ತಿಂಗಳ ಕೊನೆಯಲ್ಲಿ ಡಬ್ಬಿ ಮುಗಿಯುತ್ತಾ ಬಂತೆಂದು ನೀರು ಹೆಚ್ಚಿಸಿದರೆ ಕೂಸು ಸೊರಗುತ್ತದೆ. ಹಾಗೆ ಮಾಡುವ ಸ್ಥಿತಿ ಬಂದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ, ಬೇರೆ ದಾರಿ ತೋರಿಸುತ್ತಾರೆ. ಒದ್ದೆ ಚಮಚ ಡಬ್ಬಿಗೆ ಹೋಗಬಾರದು. ತೆರೆದ ದಿನದ ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಿ, ಸಾಮಾನ್ಯವಾಗಿ ತಿಂಗಳೊಳಗೆ ಮುಗಿಸಬೇಕು. ಫ್ರಿಜ್ಜಿನಲ್ಲಿಡಬೇಡಿ, ತೇವ ಹಿಡಿಯುತ್ತದೆ.

• ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟು ನೋಡಿ. ಬೆಚ್ಚಗಿರಬೇಕು, ಸುಡಬಾರದು. ನಿಮ್ಮ ಬಾಯಿಗಿಟ್ಟು ರುಚಿ ನೋಡಬೇಡಿ. ಮೈಕ್ರೋವೇವಿನಲ್ಲಿ ಹಾಲು ಬಿಸಿ ಮಾಡಬೇಡಿ, ಅಲ್ಲಲ್ಲಿ ಸುಡುವಷ್ಟು ಬಿಸಿ ಉಳಿದು ನಾಲಿಗೆ ಸುಡುತ್ತದೆ.

• ಕೂಸನ್ನು ಎತ್ತಿಕೊಂಡೇ ಕುಡಿಸಿ. ದಿಂಬಿಗೆ ಬಾಟಲಿ ಆನಿಸಿ ತೊಟ್ಟಿಲಲ್ಲಿ ಬಿಟ್ಟು ಹೋಗಬಾರದು. ಉಸಿರುಗಟ್ಟುವ ಭಯ ಒಂದು, ಕಿವಿ ಸೋರುವುದು ಇನ್ನೊಂದು.

• ಮಿಕ್ಕಿದ್ದನ್ನು ಚೆಲ್ಲಿ. ಇದನ್ನು ಹೇಳಿದಾಗಲೆಲ್ಲ ಮನೆಯ ಹಿರಿಯರ ಮುಖ ಬಾಡುತ್ತದೆ, ಹಾಲು ಚೆಲ್ಲುವುದು ನಮ್ಮಲ್ಲಿ ಪಾಪ. ಆದರೆ ಕೂಸಿನ ಎಂಜಲು ಸೇರಿದ ಹಾಲು ಬೇಗ ಕೆಡುತ್ತದೆ. ಕಲಸಿ ಎರಡು ಗಂಟೆ ಕಳೆದರೆ ಮುಟ್ಟಿರದ ಹಾಲೂ ಬೇಡ. ಏಪ್ರಿಲ್ ಬಿಸಿಲಿನಲ್ಲಿ ನಾನಾದರೆ ಅಷ್ಟು ಹೊತ್ತೂ ಕಾಯುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಲಸಿ, ಬೇಕಾದರೆ ಇನ್ನೊಮ್ಮೆ ಕಲಸಿ, ಆಗ ಚೆಲ್ಲುವುದೂ ಕಡಿಮೆಯಾಗುತ್ತದೆ.

• ಫ್ಲಾಸ್ಕಿನಲ್ಲಿ ಬಿಸಿನೀರು ಇಡಿ, ಕಲಸಿದ ಹಾಲು ಇಡಬೇಡಿ. ಬೆಚ್ಚಗಿನ ಹಾಲು ಗಂಟೆಗಟ್ಟಲೆ ಮುಚ್ಚಿಟ್ಟರೆ ಹೆಪ್ಪು ಹಾಕಿ ಬೆಚ್ಚಗಿಟ್ಟ ಪಾತ್ರೆಯಂತೆಯೇ, ಏನು ಬಿದ್ದರೂ ಬೆಳೆಯುತ್ತದೆ. ರಾತ್ರಿಗೂ ಪ್ರಯಾಣಕ್ಕೂ ಇದೇ ಕ್ರಮ. ಆಗ ತಾನೇ ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿಗೆ ತುಂಬಿ. ಪುಡಿಯನ್ನು ಒಂದು ಸಲಕ್ಕೆ ಬೇಕಾದಷ್ಟು ಅಳೆದು, ಕುದಿಸಿ ಒಣಗಿಸಿದ ಪುಟ್ಟ ಡಬ್ಬಿಗಳಲ್ಲಿ ಹಾಕಿ. ಕುದಿಸಿ ಜೋಡಿಸಿ ಮುಚ್ಚಿದ ಬಾಟಲಿಗಳನ್ನು ಬೇರೆ ಇಡಿ. ಬೆಂಗಳೂರಿನ ರೈಲಿರಲಿ, ನಂಜನಗೂಡಿನ ತೇರಿರಲಿ, ಕೂಸು ಅತ್ತಾಗ ಕಲಸಿ. ಹೋಟೆಲಿನವರು ಕೊಡುವ ಬಿಸಿನೀರು ಎಷ್ಟು ಕುದಿದದ್ದೋ ನಮಗೆ ಗೊತ್ತಾಗುವುದಿಲ್ಲ.

• ಹಿಂಡಿಟ್ಟ ತಾಯಿಯ ಹಾಲಿಗೆ ನಿಯಮ ಬೇರೆ. ಅದನ್ನು ಕುದಿಸಬಾರದು. ಕುದಿಸಿದ ಪಾತ್ರೆಗೆ ಹಿಂಡಿ, ತಂಪಾದ ಕೋಣೆಯಲ್ಲಾದರೆ ನಾಲ್ಕು ಗಂಟೆಯೊಳಗೆ ಕೊಡಿ. ಹೆಚ್ಚು ಹೊತ್ತು ಬೇಕಾದರೆ ಫ್ರಿಜ್ಜಿನ ಒಳಭಾಗದಲ್ಲಿ ಇಡಿ, ಬಾಗಿಲ ಹತ್ತಿರ ಬೇಡ. ಕೊಡುವಾಗ ಬಿಸಿನೀರಿನ ಬೋಗುಣಿಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕೆಲಸಕ್ಕೆ ಹೋಗುವ ತಾಯಂದಿರಿಗೆ ನಾನು ಹೇಳುವುದು ಇದನ್ನೇ: ಡಬ್ಬಿಗೆ ಮುಂಚೆ ಇದನ್ನು ಕಲಿತುಕೊಳ್ಳಿ, ಒಳಲೆಯಲ್ಲೇ ಕೊಡಿಸಿ.

• ಬಾಟಲಿಗೆ ಹಾಕಬಾರದ್ದು: ಸಕ್ಕರೆ, ಕಲ್ಲುಸಕ್ಕರೆ, ಗ್ರೈಪ್ ವಾಟರ್, ರಾಗಿ ಸರಿ. ರಾಗಿ ಸರಿ ಒಳ್ಳೆಯದೇ, ಆರು ತಿಂಗಳಾದ ಮೇಲೆ, ಗಟ್ಟಿಯಾಗಿ, ಚಮಚದಲ್ಲಿ. ನಿಪ್ಪಲಿನ ತೂತು ದೊಡ್ಡದು ಮಾಡಿ ಸರಿ ಕುಡಿಸಬೇಡಿ. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೆ ಸವರುವುದೂ ಬೇಡ. ಹಸುವಿನ ಹಾಲಿಗೆ ನೀರು ಬೆರೆಸಿ ಡಬ್ಬಿ ಹಾಲಿನ ಬದಲು ಕೊಡುವುದೂ ವರ್ಷದೊಳಗಿನ ಕೂಸಿಗೆ ಸಲ್ಲದು.

• ಈ ಕೆಲಸ ಬಾಣಂತಿಯ ಮೇಲೆ ಬೀಳಬಾರದು. ರಾತ್ರಿ ಎರಡು ಗಂಟೆಗೆ ನಿದ್ದೆಗೆಟ್ಟವಳಿಗೆ ಅಳತೆ ತಪ್ಪುವುದು ಸಹಜ. ಕೂಸಿನ ಅಪ್ಪ ಕುದಿಸುವುದನ್ನು ಕಲಿಯಲಿ. ಅಜ್ಜಿ, ಸಹಾಯಕ್ಕೆ ಬರುವವರು, ಯಾರು ಕಲಸಿದರೂ ಒಂದೇ ಬಗೆಯಲ್ಲಿ ಕಲಸುವಂತೆ ನೀರಿನ ಅಳತೆ, ಪುಡಿಯ ಅಳತೆ, ಕುದಿಸುವ ಹೊತ್ತು ಮೂರನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿ. ಕಲಸಿದ ಹೊತ್ತನ್ನು ಬಾಟಲಿಯ ಪಕ್ಕ ಚೀಟಿಯಲ್ಲಿ ಬರೆದಿಡುವ ಅಭ್ಯಾಸವಿದ್ದರೆ "ಇದು ಯಾವಾಗಿನದು" ಎಂಬ ಜಗಳವೇ ಇರುವುದಿಲ್ಲ.

• ಕೂಸು ಹಾಲು ಬೇಡವೆಂದು ಮುಖ ತಿರುಗಿಸಿ ಜೋಲುಬಿದ್ದರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ನೀರಾಗಿ ಭೇದಿಯಾಗುತ್ತಿದ್ದು ಉಚ್ಚೆ ಕಡಿಮೆಯಾದರೆ, ನೆತ್ತಿ ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ದೃಷ್ಟಿ ತೆಗೆಯುತ್ತಾ ಕೂರಬೇಡಿ. ಚೆಲುವಾಂಬ ಆಸ್ಪತ್ರೆಗೋ ನಿಮಗೆ ಹತ್ತಿರದ ಮಕ್ಕಳ ಆಸ್ಪತ್ರೆಗೋ ಆ ಹೊತ್ತೇ ಹೊರಡಿ. ಯಾವ ಪುಡಿ, ಹೇಗೆ ಕಲಸಿದ್ದು, ಎಷ್ಟು ಹೊತ್ತಿನ ಹಿಂದಿನ ಹಾಲು ಎಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ತಾಯಿಯ ಹಾಲು ಕುಡಿಯುವ ಕೂಸಾದರೆ ಭೇದಿಯಾಗುವಾಗಲೂ ಅದನ್ನು ನಿಲ್ಲಿಸಬೇಡಿ.

• ಎಷ್ಟು ದಿನ ಕುದಿಸಬೇಕು? ಅಮೆರಿಕದವರು ಎರಡು ತಿಂಗಳೊಳಗಿನ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಒತ್ತಿ ಹೇಳುತ್ತಾರೆ. ಬ್ರಿಟನ್ನಿನವರು ವರ್ಷ ತುಂಬುವವರೆಗೂ ಅನ್ನುತ್ತಾರೆ. ನಮ್ಮ ನೀರು, ನೊಣ, ಮಳೆಗಾಲ ನೋಡಿದರೆ ನಾನು ಬ್ರಿಟನ್ನಿನವರ ಪಕ್ಷ. ನಿಪ್ಪಲ್ ಅಂಟಂಟಾದರೆ, ಬಿರುಕು ಬಿಟ್ಟರೆ, ತೂತು ಹಿಗ್ಗಿದರೆ ಅಂದೇ ಬದಲಿಸಿ. ಆರು ತಿಂಗಳಿಂದಲೇ ಪುಟ್ಟ ಲೋಟದಲ್ಲಿ ಕುಡಿಯುವುದನ್ನು ರೂಢಿ ಮಾಡಿಸುತ್ತಾ ಬಂದರೆ ವರ್ಷದ ಹೊತ್ತಿಗೆ ಬಾಟಲಿ ಬಿಡಿಸಬಹುದು. ಬಿಡಿಸಿದ ಮೇಲೆ ಹಳೆಯ ನಿಪ್ಪಲುಗಳನ್ನು ಮುಂದಿನ ಕೂಸಿಗೆಂದು ಎತ್ತಿಡಬೇಡಿ, ಗೀರುಬಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಇನ್ನೊಬ್ಬರ ಮನೆಗೂ ಕೊಡಬೇಡಿ. ಸ್ಟೀಲಿನ, ಗಾಜಿನ ಬಾಟಲಿ ಚೆನ್ನಾಗಿದ್ದರೆ ಹೊಸ ನಿಪ್ಪಲ್ ಹಾಕಿ, ಹತ್ತು ನಿಮಿಷ ಕುದಿಸಿ ಕೊಡಿ.